ಅಜ್ಜಿಯ ಕಣ್ಣುರಿ

ಅತ್ತೆ,

ಇವತ್ತು ಬೇಕರಿಯಲ್ಲಿ ನಾನೇ ಒಲೆ ಹಚ್ಚಬೇಕು, ಹೊರಟೆ. ಮಾತ್ರೆ ತಟ್ಟೆಯಲ್ಲಿದೆ; ನಿನ್ನೆಯ ಹಾಗೆ ಮರೀಬೇಡಿ.

ಗ್ರಂಥಾಲಯದವರು ನಿಮ್ಮ ಮೊಮ್ಮಗಳ ವಯಸ್ಸಿಗೆ ಅಂತ ಆರಿಸಿಕೊಟ್ಟ ಕಾದಂಬರಿಗಳು ಮೇಜಿನ ಮೇಲಿವೆ. ದ್ವೀಪದ ಕಥೆಯಿಂದ ಶುರು ಮಾಡಿ. ನೀವೊಬ್ಬರೇ ಮೊದಲೇ ಓದಿ ಮುಗಿಸಿಬಿಟ್ಟು ಕೊನೆ ಏನಂತ ಬಾಯಿಬಿಡಬೇಡಿ, ದಮ್ಮಯ್ಯ!

ಪುಸ್ತಕ ಕಂಡರೆ ಮುಖ ತಿರುಗಿಸುತ್ತಿದ್ದ ನನ್ನ ಮಗಳು ಈಗ ಊಟಕ್ಕೆ ಕರೆದರೂ ಏಳಲ್ಲ. ಓದಿ ಹೇಳ್ತಿದ್ದ ಕಥೆಯಲ್ಲಿ ಕಳ್ಳ ಬಾಗಿಲು ತೆಗೆಯೋ ಹೊತ್ತಿಗೇ ನೀವು "ಕಣ್ಣು ಉರೀತಿದೆ, ಇನ್ನು ನೀನೇ ಓದ್ಕೋ" ಅಂತ ಪುಸ್ತಕ ಕೈಗಿಟ್ಟಿದ್ದಕ್ಕೇ ಇದಾಗಿದ್ದು. ನನ್ನ ಬೈಗುಳದಿಂದ ಆಗಿರಲಿಲ್ಲ. ನಿಮ್ಮ ಋಣ ಹೇಗೆ ತೀರಿಸಲಿ?

ನಿನ್ನೆ ನನ್ನ ಕಿವಿಯಲ್ಲಿ ಹೇಳಿದಳು: "ಅಜ್ಜಿ ಕಣ್ಣಿಗೆ ಏನೂ ಆಗಿಲ್ಲಮ್ಮ, ನಂಗೊತ್ತು. ಅಜ್ಜಿಗೆ ಹೇಳ್ಬೇಡ, ಪಾಪ."

ಹಾಗಾಗಿ ಇವತ್ತೂ ನಿಮ್ಮ ಕಣ್ಣು ಉರಿಯಲೇಬೇಕು, ಅತ್ತೆ.