ಸೀಮೆಸುಣ್ಣದ ನಂಬರುಗಳು

ಯಲಹಂಕ ಹೋಬಳಿ, ನಮ್ಮೂರು
17 ಸೆಪ್ಟೆಂಬರ್ 2025, ಬುಧವಾರ

ಪದ್ಮಕ್ಕನಿಗೆ ನಿನ್ನ ನಯನಾಳ ನಮಸ್ಕಾರ.

ದಿನಾ ಫೋನಿನಲ್ಲಿ ಮಾತಾಡುವವಳು ಕಾಗದ ಯಾಕೆ ಬರೆಯುತ್ತಿದ್ದಾಳೆ ಅನ್ನಿಸಬಹುದು. ನಿನ್ನ ದನಿ ಕೇಳಿದರೆ ನಾನು ಮತ್ತೆ ಸುಳ್ಳು ಹೇಳಿಬಿಡುತ್ತೇನೆ. ಎರಡು ಸಲ ಹಾಗೇ ಆಗಿದೆ. ಅದಕ್ಕೇ ಬರೆದು, ನಾಳೆ ವಿದ್ಯಾರಣ್ಯಪುರಕ್ಕೆ ಬಂದು ನಿಮ್ಮ ಗೇಟಿನ ಡಬ್ಬಿಗೆ ಹಾಕಿ ಹೋಗುತ್ತೇನೆ. ಬೆಲ್ ಮಾಡುವುದಿಲ್ಲ.

ಭಾನುವಾರ ಹಿರಿಯರ ಹಬ್ಬಕ್ಕೆ ನೀನೂ ಭಾವನೂ ಬಂದು ಮಗುವಿನ ಸಮಾಧಿ ಕಲ್ಲಿಗೆ ಹಾಲು ಎರೆಯುತ್ತೀರಂತೆ, ಅಮ್ಮ ಹೇಳಿದಳು. ಎರಡು ವರ್ಷದ ಹಿಂದೆ ಮೊದಲ ಹೆರಿಗೆಗೆ ಇಲ್ಲಿಗೆ ಬಂದವಳು, ಒಂಬತ್ತನೇ ದಿನ, ಇನ್ನೂ ಹೆಸರಿಡದ ಕೂಸನ್ನು ನಮ್ಮೂರ ಮಣ್ಣಿಗೆ ಬಿಟ್ಟು ಹೋದೆ. ಆಮೇಲೆ ನೀನು ಈ ಕಡೆ ಕಾಲಿಟ್ಟಿಲ್ಲ. ಈಗ ಧೈರ್ಯ ಮಾಡಿದ್ದೀಯ. ಬರುವ ಮೊದಲು ಇದನ್ನು ಓದು.

ನನ್ನ ಕರಪತ್ರ ನೆನಪಿದೆಯಲ್ಲ, ತಪ್ಪು ತಿದ್ದಿಕೊಟ್ಟವಳು ನೀನೇ. 'ಮಾರಿದರೆ ಒಂದೇ ಸಲ, ತೋರಿಸಿದರೆ ನೂರು ಸಲ' ಎಂದು ದಪ್ಪಕ್ಷರದಲ್ಲಿ ಹಾಕಿಸಿದ್ದೆ. ಸುತ್ತಲ ಊರುಗಳೆಲ್ಲ ಒಂದೊಂದಾಗಿ ಸೈಟುಗಳಾಗಿ ಹೋದವು. ಯಶವಂತಪುರದ ಫುಟ್‌ಪಾತಿನಿಂದ ತಂದ ಸಹಕಾರ ಸಂಘಗಳ ಕಿರುಪುಸ್ತಕ ಓದಿ ಓದಿ ನನಗೊಂದು ದಾರಿ ಕಂಡಿತ್ತು. ನಮ್ಮ ಕೆರೆ ಏರಿ, ಗುಂಡುತೋಪು, ಹೆಂಚಿನ ಮನೆಗಳನ್ನು ಸಿನಿಮಾದವರಿಗೆ ಬಾಡಿಗೆಗೆ ಕೊಡೋಣ. ದಲ್ಲಾಳಿ ಬೇಡ, ಊರ ಸಮಿತಿಯೇ ಒಪ್ಪಂದ ಮಾಡಲಿ. ಅಡುಗೆ, ಕಾವಲು, ಗುಂಪಿನಲ್ಲಿ ನಿಲ್ಲುವ ಕೆಲಸ ನಮ್ಮವರಿಗೇ ಸಿಗಲಿ. ನೆಲ ನೆಲವಾಗಿಯೇ ಉಳಿಯಲಿ. ಈ ಮಾತು ಸುಳ್ಳೆಂದು ಈಗಲೂ ನಾನು ಒಪ್ಪುವುದಿಲ್ಲ. ಎಡವಿದ್ದು ನಾನು.

ಆರು ತಿಂಗಳು ಅವರಿವರ ಕಚೇರಿ ಅಲೆದ ಮೇಲೆ, ಮೇ ತಿಂಗಳಲ್ಲಿ ಒಂದು ವೆಬ್ ಸರಣಿಯವರು ಬಂದರು. ಅವರ ಮ್ಯಾನೇಜರ್ ಅನಂತರಾಜು ಊರೆಲ್ಲ ಸುತ್ತಿ ಕೊನೆಗೆ ನಮ್ಮ ಸಮಾಧಿ ಜಾಗದಲ್ಲಿ ನಿಂತ. ಯಾವ ಕಡೆ ತಿರುಗಿದರೂ ಅಪಾರ್ಟ್‌ಮೆಂಟ್ ಕಾಣದ ಜಾಗ ಊರಲ್ಲಿ ಅದೊಂದೇ ಉಳಿದಿತ್ತು. ಕ್ಯಾಮೆರಾ ಓಡಿಸುವ ಹಳಿ ಹಾಕಲು ಜೆಸಿಬಿಯಿಂದ ನೆಲ ಮಟ್ಟ ಮಾಡಬೇಕು, ಕಲ್ಲುಗಳನ್ನು ಮೂರು ದಿನ ಬೇಲಿ ಪಕ್ಕಕ್ಕೆ ಇಡಬೇಕು ಎಂದ.

ನಮ್ಮ ಕಲ್ಲುಗಳ ಮೇಲೆ ಹೆಸರಿಲ್ಲ. ಯಾವುದು ಯಾರದೆಂದು ಗೊತ್ತಾಗುವುದು ಅದು ಇರುವ ಜಾಗದಿಂದ ಮಾತ್ರ. ಸಮಿತಿಯಲ್ಲಿ ಎಲ್ಲರಿಗಿಂತ ಹಿರಿಯ ಮುನಿಆಂಜಿನಪ್ಪ ತಾತ ಒಬ್ಬರೇ ಬೇಡವೆಂದರು. "ಅವುನ್ನ ಅಲ್ಲಾಡಿಸ್ಬಾರ್ದು ಕಣಮ್ಮಿ. ಒಂದ್ಸಲ ಎದ್ರೆ, ಯಾರ್ದು ಎಲ್ಲಿತ್ತು ಅಂತ ಆಮೇಲ್ ಯಾರ್ ಏಳ್ತಾರೆ?"

"ನಾನ್ ಹೇಳ್ತೀನಿ ತಾತ. ಓದಿರೋದು ಮತ್ಯಾಕೆ?" ಅಂದೆ. ಎಲ್ಲರೂ ನಕ್ಕರು. ಅಷ್ಟಕ್ಕೆ ಬಿಡಲಿಲ್ಲ. ಸತ್ತವರ ಜಾಗ ಕಾಯುತ್ತ ಕೂತೇ ಬದುಕಿರುವವರು ಜಾಗ ಕಳೆದುಕೊಂಡಿದ್ದು ಎಂದು ಭಾಷಣ ಬಿಗಿದೆ. ತಾತ ಸೋತರು. ಒಂದೇ ಒಂದು ಕೇಳಿಕೊಂಡರು, ಹಿರಿಯರ ಕಲ್ಲಿಗೆ ಪೇಂಟ್ ಬಳಿಯಬೇಡ ಎಂದು. ಅವರ ಮಾತಿಗೆ ಬೆಲೆ ಕೊಟ್ಟೆನೆಂದು ಬೀಗುತ್ತ, ನಾನು ಸೀಮೆಸುಣ್ಣದಲ್ಲಿ ನಂಬರು ಬರೆದೆ. ನಲವತ್ತಮೂರು ಕಲ್ಲು. ನೋಟ್‌ಬುಕ್ಕಿನಲ್ಲಿ ನಕ್ಷೆ ಹಾಕಿದೆ. ನಿನ್ನ ಮಗುವಿನದು ಮೂವತ್ತೊಂದು.

ಮೂರನೇ ದಿನ ಮಳೆಯ ದೃಶ್ಯ. ಎರಡು ಟ್ಯಾಂಕರ್ ನೀರನ್ನು ಪೈಪಿನಲ್ಲಿ ಮೇಲಕ್ಕೆತ್ತಿ ಸುರಿಸಿದರು. ನಾನು ಮಾನಿಟರ್ ಹಿಂದೆ ಕೊಡೆ ಹಿಡಿದು ನಿಂತಿದ್ದೆ. ಆ ಪರದೆಯೊಳಗೆ ನಮ್ಮೂರು ಎಷ್ಟು ಚೆನ್ನಾಗಿತ್ತೆಂದರೆ, ಅಕ್ಕ, ಚಪ್ಪಾಳೆ ತಟ್ಟಿದೆ. ಬೇಲಿಯ ಕಡೆ ತಿರುಗಿದ್ದು ಊಟದ ಹೊತ್ತಿಗೆ. ಕಲ್ಲುಗಳೆಲ್ಲ ತೊಳೆದಂತಾಗಿ ಕಪ್ಪಗೆ ಹೊಳೆಯುತ್ತಿದ್ದವು. ಒಂದರ ಮೇಲೂ ನಂಬರಿರಲಿಲ್ಲ.

ಅನಂತರಾಜು ಜಗಳವಾಡಲಿಲ್ಲ. ಫೈಲು ತೆರೆದು ತೋರಿಸಿದ. "ಮಳೆ ಸೀನ್ ಅಂತ ಪರ್ಮಿಷನ್ ಲೆಟರಲ್ಲೇ ಇದೆಯಲ್ಲ ಮೇಡಂ. ಸೈನ್ ನಿಮ್ದೇ." ಹೌದು, ಸಮಿತಿಯ ಕಾರ್ಯದರ್ಶಿ ನಾನೇ. ಓದದೆ ಸೈನ್ ಮಾಡಿದವಳಲ್ಲ. ಓದಿ, ಖುಷಿಯಾಗಿ ಮಾಡಿದ್ದೆ.

ಆಮೇಲೆ ಮನೆಮನೆಯವರೂ ಅಂದಾಜಿನಲ್ಲಿ ಒಂದೊಂದು ಕಲ್ಲು ಹೊತ್ತು ನೆಟ್ಟುಕೊಂಡರು. ಒಂದು ಕಲ್ಲಿಗೆ ಅಣ್ಣತಮ್ಮಂದಿರು ಕೈ ಕೈ ಮಿಲಾಯಿಸಿದರು. ತಾತ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ನಾನು ಎದುರಿಗೆ ಬಂದರೆ ಪಕ್ಕದವರಿಗೆ ಹೇಳುತ್ತಾರೆ, "ನಾನು ಯಾರಪ್ಪನ್ಗೆ ಕೈ ಮುಗೀತಾ ಇವ್ನಿ ಅಂತ ಓದಿರೋಳ್ನ ಕೇಳ್ರಲಾ."

ಜೂನ್‌ನಲ್ಲಿ ನೀನು ಕೇಳಿದಾಗ ಒಂದು ಸಣ್ಣ ಕಲ್ಲಿನ ಫೋಟೋ ಕಳಿಸಿ, ಜೋಪಾನವಾಗಿದೆ ಎಂದಿದ್ದೆ. ಅದನ್ನೇ ನೀನು ಫೋನಿನ ಪರದೆಗೆ ಹಾಕಿಕೊಂಡಿದ್ದೀಯಂತೆ, ಭಾವ ಹೇಳಿದರು. ಅದು ನಿನ್ನ ಮಗುವಿನ ಕಲ್ಲೆಂದು ನಾನು ಹೇಳಲಾರೆ. ಕೂಸುಗಳ ಕಲ್ಲು ಐದಿದ್ದವು, ಐದೂ ಒಂದೇ ಥರ. ಒಂದನ್ನು ಆರಿಸಿ ನಾನೇ ನೆಟ್ಟೆ. ನೆಟ್ಟ ಜಾಗವೂ ಅಂದಾಜಿನದೇ.

ಬರಬೇಡ ಎನ್ನುವ ಹಕ್ಕು ನನಗಿಲ್ಲ. ಬಂದರೆ ನನ್ನನ್ನು ಎಲ್ಲರ ಎದುರಿಗೇ ಬೈ. ಅಮ್ಮನನ್ನು ಮಾತ್ರ ಏನೂ ಕೇಳಬೇಡ.

ತಲೆ ಎತ್ತಲಾರದ ನಿನ್ನ ತಂಗಿ,
ನಯನಾ

ಮತ್ತೆ: ಮಡಚಿದ ಕಾಗದವನ್ನು ಪುನಃ ಬಿಚ್ಚಿದ್ದೇನೆ. ಮೇಲೆ ಬರೆದದ್ದರಲ್ಲೂ ಒಂದು ಸುಳ್ಳಿದೆ. ಕೂಸುಗಳ ಐದು ಕಲ್ಲುಗಳಲ್ಲಿ ಒಂದೂ ಉಳಿದಿಲ್ಲ. ಕೊನೆಯ ದಿನ ಸೆಟ್ಟಿನ ಕಸದ ಜೊತೆ ಲಾರಿಗೆ ತುಂಬಿಬಿಟ್ಟಿದ್ದರು. ಫೋಟೋದಲ್ಲಿ ಇರುವುದು ಸಿನಿಮಾದವರು ಥರ್ಮಾಕೋಲಿನಲ್ಲಿ ಕೆತ್ತಿ, ಬಣ್ಣ ಬಳಿದು, ಬಿಟ್ಟುಹೋದದ್ದು. ಅಮ್ಮನಿಗೆ ಇದನ್ನು ನಾನು ಹೇಳಿರಲಿಲ್ಲ. ಇವತ್ತು ಬೆಳಿಗ್ಗೆ, ಹಬ್ಬಕ್ಕೆಂದು ತೊಳೆಯಲು ಹೋಗಿ ಅಮ್ಮ ಅದಕ್ಕೆ ಕೈ ಹಾಕಿದಳು. ಬುಡಸಮೇತ ಒಂದೇ ಕೈಗೆ ಬಂತು. ಅಂಗೈ ಮೇಲಿಟ್ಟು ತೂಗಿ ನೋಡಿದಳು. ಆಮೇಲೆ ಮೆಲ್ಲಗೆ ತೊಳೆದು, ಅರಿಶಿನ ಕುಂಕುಮ ಇಟ್ಟು, ಮಣ್ಣು ಒತ್ತಿ ಮತ್ತೆ ಅಲ್ಲೇ ನಿಲ್ಲಿಸಿದಳು. ನನ್ನ ಮುಖ ನೋಡದೆ, "ಕೂಸಲ್ವೇನೇ, ಅಗುರಾನೇ ಇರ್ತದೆ" ಅಂದಳು.