ನಾನು ನೋಡದ ಬರ್ಗೆನ್

ಸುಕೇಶ್,

೧೯೯೦ರ ಜನವರಿಯಲ್ಲಿ ನೀನು ನನ್ನ ಪ್ರವಾಸವನ್ನು ಕದ್ದೆ. ಕೋಪನ್‌ಹೇಗನ್‌ನಿಂದ ಓಸ್ಲೋ, ಅಲ್ಲಿಂದ ಹಿಮದ ಬೆಟ್ಟ ದಾಟಿ ಬರ್ಗೆನ್. ಯಾವ ರೈಲಿನಲ್ಲಿ ಯಾವ ಕಿಟಕಿ ಒಳ್ಳೆಯದೆಂದು ಎಂಟು ವರ್ಷ ಓದಿ ಬರೆದಿಟ್ಟವನು ನಾನು. ನನಗೆ ವೀಸಾ ಕೊಟ್ಟ ಕುವೈತಿ ಧಣಿ, ಆ ಕಫೀಲ್, ನನ್ನ ಪಾಸ್‌ಪೋರ್ಟ್ ಬಿಟ್ಟುಕೊಡದಿದ್ದಾಗ ಆ ನೋಟ್‌ಬುಕ್ಕನ್ನೂ ಉಣ್ಣೆಯ ಕೋಟನ್ನೂ ನಿನ್ನ ಕೈಗೆ ಕೊಟ್ಟವನೂ ನಾನೇ.

ನಿನ್ನೆ ಇಲ್ಲೇ ಕುವೈತ್‌ನ ಸಾಲ್ಮಿಯಾದಲ್ಲಿ ಬ್ರಿಜಿಟ್ ಬಾಯಿ ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಯಲ್ಲಿ ಆ ಪ್ರವಾಸದ ಬಗ್ಗೆ ನೀನು ಬರೆದ ಲೇಖನ ತೋರಿಸಿದರು. “ಎಂಥ ಧೈರ್ಯ ಮಾರಾಯ್ರೆ! ಇಪ್ಪತ್ತಮೂರರ ಹುಡುಗ, ದಾರಿಯೆಲ್ಲ ಒಬ್ಬನೇ ಹುಡುಕಿದ್ದಂತೆ. ನೀವು ಊರು ಬಿಟ್ಟರೆ ಕುವೈತ್!” ಎಂದು ನಕ್ಕರು. ನಾನೂ ನಕ್ಕೆ.

ಒಂದು ಕಾರ್ಡನ್ನಾದರೂ ಹಾಕಿದ್ದರೆ ಸಾಕಿತ್ತು. ಕುವೈತ್ ಬಿಟ್ಟ ಮೇಲಿನ ನಿನ್ನ ವಿಳಾಸವೂ ನನ್ನಲ್ಲಿಲ್ಲ; ಅದಕ್ಕೇ ಇದನ್ನು ಸಂಚಿಕೆಯ ಸಂಪಾದಕರ ಮೂಲಕ ಕಳಿಸುತ್ತಿದ್ದೇನೆ. ಮುಂದಿನ ಸಂಚಿಕೆಯಲ್ಲಿ, ಎಲ್ಲರೂ ಓದುವಂತೆ ಉತ್ತರಿಸು: ಆ ದಾರಿಯನ್ನು ನಿನಗೆ ಹೇಳಿಕೊಟ್ಟವರು ಯಾರು?