ಹಿಂದಿನ ಸೀಟಿನಲ್ಲಿದ್ದವಳು ನನಗೆ ಗೊತ್ತು

ಕಾಲ್ಡರ್ ಕೌಂಟಿಯ ಮಾನ್ಯ ಷೆರೀಫರೇ,

ಅಕ್ಟೋಬರ್ ಹನ್ನೊಂದರ ಮಂಗಳವಾರ ಬೆಳಿಗ್ಗೆ ಒಂಬತ್ತೂಕಾಲಿಗೆ, ಹಳೇ ಗಿರಣಿಯ ಸೇತುವೆಯ ಬಳಿ, ನಿಮ್ಮ ಡೆಪ್ಯುಟಿಯೊಬ್ಬರು ನಮ್ಮ ಚರ್ಚಿನ ವ್ಯಾನನ್ನು ತಡೆದು ಎಲುವಿಯಾ ರಾಮಿರೆಸ್ ಎಂಬ ಹೆಂಗಸನ್ನು ಇಳಿಸಿಕೊಂಡು ಹೋದರು. ವ್ಯಾನು ಓಡಿಸುತ್ತಿದ್ದ ನನ್ನ ಮೇಲೆ ‘ಅಕ್ರಮವಾಗಿ ನೆಲೆಸಿದವರೆಂದು ತಿಳಿದೂ ಸಾಗಿಸಿದ’ ಆರೋಪ ಹೊರಿಸಿದರು. ಅವತ್ತು ಮಧ್ಯಾಹ್ನವೇ ಆಕೆಯ ಇಬ್ಬರು ಹೆಣ್ಣುಮಕ್ಕಳನ್ನು ಶಾಲೆಯಿಂದ ಕರೆದೊಯ್ದು, ಅರವತ್ತು ಮೈಲಿ ದೂರದ ಯಾರದೋ ಮನೆಯಲ್ಲಿ ಇರಿಸಲಾಯಿತು. ಈ ಗುರುವಾರ ಆ ಮಕ್ಕಳು ಎಲ್ಲಿರಬೇಕೆಂದು ನ್ಯಾಯಾಧೀಶರು ತೀರ್ಮಾನಿಸುತ್ತಾರೆ. ಅವರು ನನ್ನ ಮನೆಗೆ ಬರಬೇಕು. ಬಾರದಂತೆ ಅಡ್ಡ ಬಿದ್ದಿರುವುದು ನನ್ನ ಮೇಲೆ ಆರೋಪ ಬರೆದ ನಿಮ್ಮ ಕಚೇರಿಯ ಒಂದು ಹಾಳೆ. ಅದಕ್ಕೇ ಈ ಪತ್ರ, ಅದೂ ಊರಿನ ಪತ್ರಿಕೆಯಲ್ಲಿ, ಎಲ್ಲರೂ ಓದುವ ಹಾಗೆ.

ಓದುವವರಿಗೆ ನಾನು ಯಾರೆಂದು ಹೇಳಿಬಿಡುತ್ತೇನೆ. ಹೆಸರು ಅರ್ನೆಸ್ಟೀನ್ ಬ್ಲೆಡ್ಸೋ, ವಯಸ್ಸು ಅರವತ್ತೇಳು. ಇಪ್ಪತ್ತೊಂಬತ್ತು ವರ್ಷ ಈ ಕೌಂಟಿಯ ಶಾಲಾ ಬಸ್ಸು ಓಡಿಸಿದವಳು, ನಿವೃತ್ತಿಯ ನಂತರ ಚರ್ಚಿನ ವ್ಯಾನು. ಹದಿನೈದು ದಿನಕ್ಕೊಮ್ಮೆ, ಮಂಗಳವಾರ, ಕಾರಿಲ್ಲದವರನ್ನು ನಲವತ್ತು ಮೈಲಿ ಆಚೆಯ ಆಸ್ಪತ್ರೆಗೆ ಕರೆದೊಯ್ದು ಕರೆತರುವುದು ನನ್ನ ಕೆಲಸ. ಬಸ್ಸಿನ ಕಾಲದಿಂದಲೂ ನನಗೊಂದು ಚಾಳಿ. ಹಿಂದೆ ಕೂತವರು ಯಾರು, ಅವರಿಗೆ ಏನಾಗಿದೆ, ಮನೆಯಲ್ಲಿ ಯಾರು ಕಾಯುತ್ತಿದ್ದಾರೆ ಎಂದು ತಿಳಿಯದೆ ಗಾಡಿ ಹೊರಡಿಸುವುದಿಲ್ಲ. ಹಿಂದಿನ ಸೀಟಿನವರನ್ನು ತಿಳಿಯದವಳು ಕುರಿ ಸಾಗಿಸಬಹುದು, ಜನರನ್ನಲ್ಲ. ಈ ಚಾಳಿಗಾಗಿ ಶಾಲಾ ಮಂಡಳಿಯವರು ಎರಡು ಸಲ ಕರೆದು ಸನ್ಮಾನ ಮಾಡಿದ್ದರು. ನೀವು ಅದೇ ಚಾಳಿಗೆ ಮೊಕದ್ದಮೆ ಹೂಡಿದ್ದೀರಿ.

ಎಲುವಿಯಾ ಗ್ವಾಟೆಮಾಲದ ಬೆಟ್ಟಸೀಮೆಯವಳು. ಹನ್ನೊಂದು ವರ್ಷದಿಂದ ನಮ್ಮ ಊರಿನ ಕೋಳಿ ಕಾರ್ಖಾನೆಯಲ್ಲಿ ತೊಡೆಯಿಂದ ಮೂಳೆ ಬಿಡಿಸುವ ಸಾಲಿನಲ್ಲಿ ನಿಂತಿದ್ದಾಳೆ. ಬಲಗೈ ಮಣಿಕಟ್ಟು ಊದಿ, ಮಗಳ ಜಡೆ ಹೆಣೆಯಲೂ ಆಗದಷ್ಟು ಬೆರಳು ಮರಗಟ್ಟಿದ್ದರಿಂದ ಅವತ್ತು ವ್ಯಾನು ಹತ್ತಿದ್ದಳು. ಗಂಡನಿಲ್ಲ. ಹಿರಿಯವಳು ಯೆಸ್ಲಿಗೆ ಒಂಬತ್ತು, ಕಿರಿಯವಳು ಬ್ರಿಸೈದಾಗೆ ಆರು. ಇಬ್ಬರೂ ಇಲ್ಲೇ ಹುಟ್ಟಿದವರು. ನಿಮ್ಮಷ್ಟೇ, ನನ್ನಷ್ಟೇ ಈ ದೇಶದ ಪ್ರಜೆಗಳು. ನನ್ನ ಗಂಡ ತೀರಿಕೊಂಡಾಗ, ಯಾರೂ ಕರೆಯದಿದ್ದರೂ ಬಂದು ಮೂರು ದಿನ ನಮ್ಮ ಅಡುಗೆಮನೆಯಲ್ಲಿ ನಿಂತು ಬಂದವರ ತಟ್ಟೆ ತೊಳೆದವಳು ಎಲುವಿಯಾ. ನನ್ನ ಸ್ವಂತ ತಂಗಿ ಸೋಫಾದ ಮೇಲೆ ಕೂತು ಅತ್ತಳು, ಅಷ್ಟೇ.

ಸೇತುವೆಯ ಬಳಿ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ನಿಮ್ಮ ಡೆಪ್ಯುಟಿ ಒಳ್ಳೆಯ ಹುಡುಗ, ಟೋಪಿ ತೆಗೆದೇ ಮಾತನಾಡಿಸಿದ.

“ಎಲ್ಲಿಗ್ ಹೊರಟ್ರಿ ಮ್ಯಾಮ್?”

“ಆಸ್ಪತ್ರೆಗೆ ಕಣಪ್ಪ. ವ್ಯಾನ್ ಮೇಲೆ ಚರ್ಚಿನ ಹೆಸ್ರಿದೆ ನೋಡು, ಕುಡಿಯೋಕಂತೂ ಹೋಗ್ತಿಲ್ಲ.”

ನಕ್ಕ. “ಹಿಂದಿರೋರು ನಿಮಗೆ ಗೊತ್ತಿರೋರಾ?”

“ಗೊತ್ತಿಲ್ದೆ ಮತ್ತೆ? ಇವ್ರು ಮಿಸ್ಟರ್ ಹಾಲಿಸ್, ಸಕ್ಕರೆ ಕಾಯಿಲೆ. ಪಕ್ಕದಲ್ಲಿ ಎಲುವಿಯಾ, ಕೈನೋವು.”

“ಈಯಮ್ಮನ ಹತ್ರ ಕಾಗದಪತ್ರ ಇದ್ಯಾ?”

ಎಲುವಿಯಾ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಳು.

“ನಿಮ್ಮನ್ನೇ ಕೇಳ್ತಿದೀನಿ ಮ್ಯಾಮ್. ಈಯಮ್ಮ ಅಕ್ರಮವಾಗಿ ಇಲ್ಲಿದಾರೆ ಅಂತ ನಿಮಗೆ ಗೊತ್ತಾ?”

“ಗೊತ್ತು. ಅವಳೇ ಹೇಳಿದಾಳೆ. ಏಳು ವರ್ಷದಿಂದ ಗೊತ್ತು. ಅದ್ರಲ್ಲಿ ಮುಚ್ಚಿಡೋ ಅಂಥದ್ದು ಏನಿದೆ?”

ಆ ಹುಡುಗ ಮುಖ ಚಿಕ್ಕದು ಮಾಡಿಕೊಂಡ. “ಅಯ್ಯೋ ಮ್ಯಾಮ್, ಗೊತ್ತಿಲ್ಲ ಅಂದಿದ್ರೆ ಮುಗ್ದೋಗ್ತಿತ್ತು” ಎಂದು ಗೊಣಗಿ, ಪುಸ್ತಕ ತೆಗೆದು ಬರೆಯತೊಡಗಿದ. ಎಲುವಿಯಾ ಇಳಿದಳು. ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಯಾವಾಗಲೂ ನನ್ನನ್ನು ಗೌರವದಿಂದ ಕರೆಯುವ ಹಾಗೆಯೇ ಕರೆದು, “ದೊನ್ಯಾ ಟೀನಾ, ಮಕ್ಕಳ ಶಾಲೆ ಮೂರು ಗಂಟೆಗೆ ಬಿಡುತ್ತೆ” ಎಂದಳು. ಅಷ್ಟೇ.

ಷೆರೀಫರೇ, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸುಳ್ಳು ಹೇಳುವುದಿಲ್ಲ ಎಂಬ ಜಂಬ ನನಗೆ ಚಿಕ್ಕಂದಿನಿಂದಲೂ ಇದೆ. ಚರ್ಚಿನ ಭಾನುವಾರದ ಶಾಲೆಯಲ್ಲಿ ಅದನ್ನೇ ಕಲಿಸಿದರು, ಅದನ್ನೇ ನಾನು ಅಲ್ಲೇ ನಲವತ್ತು ವರ್ಷ ಪರರ ಮಕ್ಕಳಿಗೆ ಕಲಿಸಿದೆ. ಆ ಜಂಬದಿಂದ ಬಾಯಿ ತೆರೆದೆ, ಒಬ್ಬ ತಾಯಿ ನಾಲ್ಕು ಗಂಟೆ ಪ್ರಯಾಣದ ದೂರದ ಬಂದೀಖಾನೆ ಸೇರಿದಳು. ನಿಮ್ಮ ಕಾನೂನನ್ನು ಬೈಯುವ ಮೊದಲು ನನ್ನನ್ನು ನಾನು ಬೈದುಕೊಂಡಾಗಿದೆ. ಊಟ ಸೇರುತ್ತಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಈಗ ನಮ್ಮ ರಾಜ್ಯದಲ್ಲಿ ಈ ವರ್ಷ ಬಂದ ನಿಮ್ಮ ಹೊಸ ಕಾನೂನಿಗೆ ಬರುತ್ತೇನೆ. ಅದರಲ್ಲಿ ‘ತಿಳಿದೂ’ ಎಂಬ ಒಂದು ಮಾತಿದೆ. ಅಂದರೆ ಗೊತ್ತಿಲ್ಲದೆ ಕರೆದೊಯ್ದರೆ ತಪ್ಪಿಲ್ಲ, ಗೊತ್ತಿದ್ದು ಕರೆದೊಯ್ದರೆ ಅಪರಾಧ. ಹಾಗಾದರೆ ಈ ಊರಿನಲ್ಲಿ ಯಾರಿಗೆ ಏನು ಗೊತ್ತು? ಹನ್ನೊಂದು ವರ್ಷ ಅವಳ ಕೈಗೆ ಚಾಕು ಕೊಟ್ಟ ಕಾರ್ಖಾನೆಗೆ ಗೊತ್ತಿಲ್ಲವಂತೆ. ತಿಂಗಳು ತಿಂಗಳೂ ಬಾಡಿಗೆ ತೆಗೆದುಕೊಂಡ ಮನೆ ಮಾಲೀಕರಿಗೆ ಗೊತ್ತಿಲ್ಲವಂತೆ. ಅವಳ ಸಂಬಳದಿಂದ ತೆರಿಗೆ ಹಿಡಿದುಕೊಂಡ ಸರ್ಕಾರಕ್ಕಂತೂ ಮೊದಲೇ ಗೊತ್ತಿಲ್ಲ. ಇಡೀ ಕಾಲ್ಡರ್ ಕೌಂಟಿಯಲ್ಲಿ ಗೊತ್ತಿದ್ದವಳು ಒಬ್ಬಳೇ, ಹಳೇ ವ್ಯಾನಿನ ಮುದುಕಿ! ಅವಳಿಂದ ಕೆಲಸ ತೆಗೆದುಕೊಂಡವರೆಲ್ಲ ಅಮಾಯಕರು, ಅವಳ ಕೈನೋವು ಕೇಳಿದವಳು ಅಪರಾಧಿ. ಪಕ್ಕದ ಮನೆಯವರ ಪರಿಚಯ ಮಾಡಿಕೊಳ್ಳದಿರುವುದೇ ಇನ್ನು ಮೇಲೆ ಸಜ್ಜನರ ಲಕ್ಷಣವೇ? ಹಾಗಿದ್ದರೆ ಒಂದು ಪ್ರಕಟಣೆ ಹೊರಡಿಸಿಬಿಡಿ, ನಾವು ಬಾಗಿಲು ಹಾಕಿಕೊಂಡು ಕೂರುತ್ತೇವೆ.

ಗಡಿಯೇ ಬೇಡ, ಕಾನೂನೇ ಬೇಡ ಎನ್ನುವವಳಲ್ಲ ನಾನು. ನನ್ನ ತಂಗಿಯ ಮಗ ಡಾರ್ನೆಲ್ ಮೂರು ವರ್ಷದ ಹಿಂದೆ ಅದೇ ಕಾರ್ಖಾನೆಯಲ್ಲಿ ಕೆಲಸ ಕಳೆದುಕೊಂಡ. ಮೊನ್ನೆ ಪೆಟ್ರೋಲ್ ಬಂಕಿನಲ್ಲಿ ಸಿಕ್ಕಿ ಎಲ್ಲರ ಮುಂದೆ ದಬಾಯಿಸಿದ.

“ದೊಡ್ಡಮ್ಮಾ, ನಮ್ಮ ಕೆಲ್ಸ ಹೋದಾಗ ನೀನು ಪೇಪರ್‌ಗೆ ಬರೀಲಿಲ್ಲ. ಅವ್ರಿಗಾದ್ರೆ ಬರೀತೀಯ ಅಲ್ವಾ?”

“ನಿನ್ನ ಕೆಲ್ಸ ತೆಗೆದೋನು ಎಲುವಿಯಾ ಏನೋ? ಮ್ಯಾನೇಜರ್ ಕಣೋ.”

“ಕಾನೂನು ಅಂದ್ಮೇಲೆ ಕಾನೂನು, ದೊಡ್ಡಮ್ಮ.”

ಅವನ ಹೊಟ್ಟೆಕಿಚ್ಚಿಗೆ ಕಾರಣವಿದೆ, ಅದನ್ನು ಅಲ್ಲಗಳೆಯಲಾರೆ. ಕಡಿಮೆ ಕೂಲಿಗೆ, ತುಟಿ ಬಿಚ್ಚದೆ ದುಡಿಯುವವರು ಸಿಕ್ಕರೆ ಯಾವ ಧಣಿ ಬಿಟ್ಟಾನು? ಆದರೆ ‘ಕಾನೂನು ಅಂದಮೇಲೆ ಕಾನೂನು’ ಎಂಬ ಮಾತನ್ನು ನನ್ನಂಥ ಕಪ್ಪು ಹೆಂಗಸು ಚಿಕ್ಕಂದಿನಲ್ಲಿ ಈ ರಾಜ್ಯದಲ್ಲಿ, ಕಪ್ಪು ಜನಕ್ಕೆಂದೇ ಬಿಟ್ಟಿದ್ದ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಬಹಳ ಸಲ ಕೇಳಿದ್ದಾಳೆ. ಅವನಿಗೆ ಅದನ್ನು ಹೇಳಿದೆ. ಟೈರಿಗೆ ಗಾಳಿ ತುಂಬಿಸಿಕೊಂಡು ಹೋದ.

ಇನ್ನು ಮಕ್ಕಳ ವಿಷಯ. ವಸಂತದಲ್ಲಿ ಈ ಕಾನೂನಿನ ಸುದ್ದಿ ಹಬ್ಬಿದಾಗ ಎಲುವಿಯಾ ನೋಟರಿಯ ಮುಂದೆ ಒಂದು ಕಾಗದ ಮಾಡಿಸಿದ್ದಳು. ‘ನಾನು ಒಂದು ದಿನ ಕೆಲಸದಿಂದ ಮನೆಗೆ ಬಾರದಿದ್ದರೆ ನನ್ನ ಮಕ್ಕಳನ್ನು ಅರ್ನೆಸ್ಟೀನ್ ಬ್ಲೆಡ್ಸೋ ಅವರಿಗೆ ಒಪ್ಪಿಸಬೇಕು.’ ಇಂಥ ಕಾಗದ ನಮ್ಮ ಊರಿನ ಎಷ್ಟು ತಾಯಂದಿರ ಚೀಲದಲ್ಲಿದೆ ಎಂದು ನೀವು ಯಾವತ್ತಾದರೂ ವಿಚಾರಿಸಿದ್ದೀರಾ? ಮಾರುಕಟ್ಟೆಗೆ ಹೋಗುವಾಗಲೂ ಅದನ್ನು ಮಡಚಿ ಇಟ್ಟುಕೊಂಡು ಹೋಗುತ್ತಾರೆ. ನಾನು ಅದನ್ನು ಹಿಡಿದು ಮಕ್ಕಳ ಕಲ್ಯಾಣ ಕಚೇರಿಗೆ ಓಡಿದೆ. ಮೇಜಿನ ಹಿಂದಿದ್ದವಳು ನನ್ನ ಬಸ್ಸಿನಲ್ಲೇ ಓಡಾಡಿ ಬೆಳೆದವಳು.

“ಇದು ನಡ್ಯಲ್ಲ ಮಿಸ್ ಟೀನ್. ಕಾಗದ ಇಲ್ದೋರು ಮಾಡ್ಕೊಂಡ ಯಾವ ಒಪ್ಪಂದನೂ ಹೊಸ ಕಾನೂನಲ್ಲಿ ಊರ್ಜಿತ ಅಲ್ವಂತೆ.”

“ಹೆತ್ತ ತಾಯಿ ಹಾಕಿದ ಸಹಿ ಕಣಮ್ಮ ಇದು.”

“ಗೊತ್ತು. ಅದನ್ನ ಜಡ್ಜು ಪಕ್ಕಕ್ಕಿಟ್ರೂ ಇಡ್ಬೋದು. ಆದ್ರೆ ನಿಮ್ಮ ಮೇಲೇ ಕೇಸಿದೆಯಲ್ಲ. ಕೇಸಿರೋರ ಕೈಗೆ ಮಕ್ಕಳನ್ನ ಯಾರು ಕೊಡ್ತಾರೆ?” ಎಂದು ಹೇಳಿ ತಲೆ ತಗ್ಗಿಸಿದಳು.

ಕಳೆದ ಶುಕ್ರವಾರ ನಿಮ್ಮ ಕಚೇರಿಯಿಂದ ಒಬ್ಬರು ನಮ್ಮ ಮನೆಗೆ ಬಂದರು. ಬೆಚ್ಚಗಿನ ನಗು, ಕೈಯಲ್ಲಿ ಒಂದು ಹೇಳಿಕೆ. ‘ಸದರಿ ಪ್ರಯಾಣಿಕಳ ಪರಿಚಯ ನನಗಿರಲಿಲ್ಲ, ಆಕೆಯ ಸ್ಥಿತಿಗತಿ ನನಗೆ ತಿಳಿದಿರಲಿಲ್ಲ, ಗಾಬರಿಯಲ್ಲಿ ತಪ್ಪು ಹೇಳಿದೆ.’ ಇದಕ್ಕೆ ಸಹಿ ಹಾಕಿದರೆ ಕೇಸು ವಾಪಸು. “ವಯಸ್ಸಾದೋರು, ಚರ್ಚಿನೋರು, ಷೆರೀಫರಿಗೂ ನಿಮ್ಮನ್ನ ಕೋರ್ಟಿಗೆ ಎಳೆಯೋಕೆ ಇಷ್ಟವಿಲ್ಲ” ಎಂದರು. ದೊಡ್ಡ ಮನಸ್ಸು ನಿಮ್ಮದು. ನಾನು ಲೇಖನಿ ಹಿಡಿದೆ, ಸುಳ್ಳು ಹೇಳುತ್ತಿಲ್ಲ. ಆ ಮಕ್ಕಳಿಗಾಗಿ ನನ್ನ ಜಂಬವನ್ನು ಸುಟ್ಟುಹಾಕಲು ನಾನು ಸಿದ್ಧಳಿದ್ದೆ. ಆದರೆ ಸಹಿಗೆ ಮೊದಲು ಅದನ್ನು ಎರಡು ಸಲ ಓದಿದೆ. ಎಲುವಿಯಾಳ ಪರಿಚಯವೇ ನನಗಿಲ್ಲ ಎಂದು ಸಹಿ ಹಾಕಿ, ಗುರುವಾರ ಅದೇ ನ್ಯಾಯಾಲಯದಲ್ಲಿ ನಿಂತು ‘ಸ್ವಾಮಿ, ಈಕೆ ನನ್ನನ್ನು ನಂಬಿ ಮಕ್ಕಳನ್ನು ಒಪ್ಪಿಸಿದ್ದಾಳೆ’ ಎಂದು ಹೇಗೆ ಹೇಳಲಿ? ಗುರುತು ಪರಿಚಯ ಇಲ್ಲದವಳಿಗೆ ಮಕ್ಕಳನ್ನು ಯಾವ ನ್ಯಾಯಾಧೀಶರು ಕೊಡುತ್ತಾರೆ? ಗೊತ್ತು ಎಂದರೆ ಅಪರಾಧಿ, ಗೊತ್ತಿಲ್ಲ ಎಂದರೆ ದಾರಿಹೋಕಳು. ಎರಡರಲ್ಲಿ ಯಾವುದಾದರೂ ಮಕ್ಕಳು ನನಗಿಲ್ಲ. ಅತ್ತ ದರಿ ಇತ್ತ ಪುಲಿ ಎನ್ನುವುದು ಇದಕ್ಕೇ ಇರಬೇಕು. ಸಹಿ ಹಾಕದೆ ಆ ಹಾಳೆಯನ್ನು ಹಿಂದಕ್ಕೆ ಕೊಟ್ಟೆ.

ನಿಮಗೊಂದು ನೆನಪು ಮಾಡಿಕೊಡಬೇಕಿದೆ. ಹೋದ ಆಗಸ್ಟಿನಲ್ಲಿ ನಮ್ಮ ಚರ್ಚಿನ ವಾರ್ಷಿಕ ಊಟಕ್ಕೆ ಮತ ಕೇಳಲು ಬಂದಿರಿ. ಉದ್ದನೆಯ ಮೇಜಿನ ಕೊನೆಯಲ್ಲಿ ಬಾಳೆಎಲೆಯಲ್ಲಿ ಸುತ್ತಿ ಬೇಯಿಸಿದ ಜೋಳದ ತಮಾಲೆ ಇದ್ದವು. ಒಂದು ತಿಂದು, ಇನ್ನೊಂದಕ್ಕೆ ಕೈ ಹಾಕಿ, “ಇದನ್ ಮಾಡಿದ ಮಹಾತಾಯಿ ಯಾರು?” ಎಂದು ಕೇಳಿದಿರಿ. ಎಲುವಿಯಾ ಹೆಸರು ಹೇಳಿದಳು. “ಎಲ್ಲಿಯೋಳಮ್ಮ ನೀನು?” ಎಂದಿರಿ. “ವೆವೆತೆನಾಂಗೊ, ಸಾರ್” ಎಂದಳು. “ಅದು ನಮ್ ರಾಜ್ಯದಲ್ಲಿಲ್ಲ ಬಿಡು!” ಎಂದು ನೀವು ನಕ್ಕಿರಿ, ಸುತ್ತಲಿದ್ದವರೂ ನಕ್ಕರು. ಮೆಲ್ಲಗೆ “ಕಾಗದ ಗೀಗದ ಇಲ್ಲ ತಾನೆ?” ಎಂದು ನನ್ನನ್ನು ಕೇಳಿ, ನಾನು ಉತ್ತರ ಕೊಡುವ ಮೊದಲೇ ಕಣ್ಣು ಮಿಟುಕಿಸಿ, ನಾಲ್ಕು ತಮಾಲೆ ಕಟ್ಟಿಸಿಕೊಂಡು ಮನೆಗೆ ಹೋದಿರಿ. ಅಂದಮೇಲೆ ತಿಳಿದವರ ಪಟ್ಟಿಯಲ್ಲಿ ನೀವೂ ಇದ್ದೀರಿ. ನಾನು ತಿಳಿದೂ ಆಸ್ಪತ್ರೆಗೆ ಕರೆದೊಯ್ದೆ, ನೀವು ತಿಳಿದೂ ಊಟ ಮಾಡಿದಿರಿ. ನನ್ನ ಹೆಸರಿಗೆ ಆರೋಪ ಬರೆದ ಆ ಪುಸ್ತಕದ ಮುಂದಿನ ಹಾಳೆ ಯಾರ ಹೆಸರಿಗೆ?

ಭಾನುವಾರ ಮಕ್ಕಳನ್ನು ನೋಡಲು ಅರ್ಧ ಗಂಟೆ ಬಿಟ್ಟರು. ಬ್ರಿಸೈದಾ ನನ್ನ ಮಡಿಲಲ್ಲಿ ಕೂತು ಬಿಸ್ಕತ್ತು ತಿಂದಳು. ಯೆಸ್ಲಿ ಹತ್ತಿರ ಬರಲಿಲ್ಲ. ಗೋಡೆಗೆ ಒರಗಿ ನಿಂತು, ನಾನು ಹೊರಡುವಾಗ ಕೇಳಿದಳು:

“ದೊನ್ಯಾ, ನಮ್ಮಮ್ಮ ನಿಮಗೆ ಗೊತ್ತಿಲ್ಲ ಅಂತ ಒಂದೇ ಒಂದು ಸಲ ಹೇಳೋಕಾಗ್ಲಿಲ್ವಾ?”

ಸುಮ್ಮನೆ ಕೋಟಿನ ಗುಂಡಿ ಹಾಕಿಕೊಂಡು ಬಂದೆ.

ಆ ಮಗುವಿಗೆ ಕೊಡದ ಉತ್ತರವನ್ನು ಇಲ್ಲಿ ಅಚ್ಚು ಮಾಡಿಸುತ್ತಿದ್ದೇನೆ. ನನಗೆ ಎಲುವಿಯಾ ರಾಮಿರೆಸ್ ಗೊತ್ತು. ಕಾಗದವಿಲ್ಲ ಎನ್ನುವುದೂ ಗೊತ್ತು, ತಿಳಿದೇ ಕರೆದೊಯ್ದೆ. ಇದನ್ನು ನನ್ನ ತಪ್ಪೊಪ್ಪಿಗೆ ಎಂದು ಕತ್ತರಿಸಿ ಕಡತಕ್ಕೆ ಅಂಟಿಸಿಕೊಳ್ಳಿ. ನಿಮ್ಮ ಹೇಳಿಕೆಗೆ ಇನ್ನು ನಾನು ಸಹಿ ಹಾಕುವಂತಿಲ್ಲ, ನೀವು ಕೇಳುವಂತೆಯೂ ಇಲ್ಲ. ಆ ದಾರಿಯನ್ನು ನನ್ನ ಕೈಯಾರೆ ಮುಚ್ಚಿದ್ದೇನೆ. ಉಳಿದಿರುವುದು ನಿಮ್ಮ ಕೈಯಲ್ಲಿರುವುದೊಂದೇ. ಬುಧವಾರ ಸಂಜೆ ಐದರೊಳಗೆ ನನ್ನ ಮೇಲಿನ ದೂರನ್ನು ಹಿಂತೆಗೆದುಕೊಳ್ಳಿ, ಸುಳ್ಳಿನ ಷರತ್ತಿಲ್ಲದೆ. ಆಗದಿದ್ದರೆ ಗುರುವಾರ ಹತ್ತು ಗಂಟೆಗೆ ನೀವೇ ನ್ಯಾಯಾಲಯಕ್ಕೆ ಬನ್ನಿ. ಮುಂದಿನ ಬೆಂಚಿನಲ್ಲಿ ಯೆಸ್ಲಿ, ಬ್ರಿಸೈದಾ ಕೂತಿರುತ್ತಾರೆ. ಅವರ ಮುಖ ನೋಡುತ್ತಾ, ಪ್ರಮಾಣ ಮಾಡಿ, ‘ಈ ಮಕ್ಕಳ ತಾಯಿ ಯಾರೋ ನನಗೆ ಗೊತ್ತಿಲ್ಲ’ ಎಂದು ಹೇಳಿ ನೋಡೋಣ.

ಇಂತಿ,
ಸತ್ಯ ನುಡಿದು ಎರಡು ಮಕ್ಕಳ ತಾಯಿಯನ್ನು ಕಳೆದ
ಅರ್ನೆಸ್ಟೀನ್ ಬ್ಲೆಡ್ಸೋ,
ವ್ಯಾನು ಚಾಲಕಿ, ಸದ್ಯಕ್ಕೆ ಆರೋಪಿ